ಐದನೆಯ ಬುಟ್ಟಿಯ ಕೆಂಪು ಕಲ್ಲು

ನಮ್ಮ ಮನೆಯ ಕುಡಿಯುವ ನೀರಿನ ಕೊಡಕ್ಕೆ ಮುಚ್ಚಳವಾಗಿರುವುದು ಒಂದು ಪ್ಲಾಸ್ಟಿಕ್ ತಟ್ಟೆ. ಅದರ ಅಂಚು ಒಂದು ಕಡೆ ಸೀಳಿದೆ. ಬೆನ್ನಿನ ಮೇಲೆ ಕಲ್ಲಿಗೆ ಉಜ್ಜಿದ ಗೀರುಗಳಿವೆ. ಮನೆಗೆ ಬಂದವರು ನೀರು ಕುಡಿದ ಮೇಲೆ ಅದನ್ನು ತಿರುವಿ ನೋಡಿ, "ಇದೇನ್ರೀ, ನಾಯಿಗೆ ಅನ್ನ ಹಾಕೂ ತಾಟೇನು?" ಎಂದು ಕೇಳುತ್ತಾರೆ. ನಮ್ಮ ಮನೆಯಲ್ಲಿ ನಾಯಿಯಿಲ್ಲ. ಅದು ಡಿಸ್ಕ್ ಗಾಲ್ಫ್ ಎಂಬ ಆಟದ ಡಿಸ್ಕು ಎಂದರೆ ಎರಡನೆಯ ಪ್ರಶ್ನೆ ಬರುತ್ತದೆ, ಅದಕ್ಕೆ ಉತ್ತರಿಸಿದರೆ ಮೂರನೆಯದು. ಅಷ್ಟರಲ್ಲಿ ಚಹಾ ಆರಿರುತ್ತದೆ. ಆದ್ದರಿಂದ ಇತ್ತೀಚೆಗೆ "ಹೌದ್ರಿ" ಎಂದುಬಿಡುತ್ತೇನೆ. ಸಾರ್ವಜನಿಕ ಬದುಕಿನಲ್ಲಿ ಸುಳ್ಳನ್ನು ಎಂದೂ ಸಹಿಸದ ನಾನು ಕೊಡದ ಮುಚ್ಚಳದ ವಿಷಯದಲ್ಲಿ ಹೇಳುತ್ತ ಬಂದಿರುವ ಈ ಸುಳ್ಳನ್ನು ನಿಮ್ಮೆದುರು ಒಪ್ಪಿಕೊಳ್ಳುತ್ತಿದ್ದೇನೆ.

ನಿಮಗೆ ನಿಜವನ್ನೇ ಹೇಳುತ್ತೇನೆ. ನೆಲದಲ್ಲಿ ನೆಟ್ಟ ಒಂದು ಕಂಬ, ಕಂಬಕ್ಕೆ ಸಿಕ್ಕಿಸಿದ ಒಂದು ಬುಟ್ಟಿ, ಬುಟ್ಟಿಯ ಮೇಲೆ ಜೋತುಬಿದ್ದ ಸರಪಳಿಗಳು. ದೂರದ ಒಂದು ಗುರುತಿನಿಂದ ಡಿಸ್ಕನ್ನು ಆ ಬುಟ್ಟಿಯ ಕಡೆಗೆ ಎಸೆಯಬೇಕು. ಅದು ಬಿದ್ದಲ್ಲಿಗೆ ನಡೆದು ಹೋಗಿ ಅಲ್ಲಿಂದ ಮತ್ತೆ ಎಸೆಯಬೇಕು. ಸರಪಳಿಗೆ ತಾಗಿ ಬುಟ್ಟಿಯೊಳಗೆ ಬಿದ್ದರೆ ಮುಂದಿನ ಕಂಬದತ್ತ ಸಾಗಬೇಕು. ಹೀಗೆ ಒಂಬತ್ತು ಬುಟ್ಟಿಗಳು. ಎಲ್ಲರಿಗಿಂತ ಕಡಿಮೆ ಎಸೆತಗಳಲ್ಲಿ ಮುಗಿಸಿದವರು ಗೆದ್ದಂತೆ. ಇಷ್ಟೇ ಆಟ. ಇದರಲ್ಲಿ ಯಾರನ್ನೂ ದಬ್ಬುವ, ಬೀಳಿಸುವ, ಔಟ್ ಎಂದು ಕೂಗುವ ಪ್ರಸಂಗವಿಲ್ಲವಾದ್ದರಿಂದ ನನಗೆ ಮೊದಲ ನೋಟಕ್ಕೇ ಒಪ್ಪಿಗೆಯಾಯಿತು.

ಎಸೆಯುವುದು ನನಗೆ ಹೊಸತಾಗಿರಲಿಲ್ಲ. ನಮ್ಮದು ಕನ್ನಡ, ಮರಾಠಿ ಎರಡೂ ಬೆರೆತ ಮನೆ. ಅಜ್ಜಿ ಪ್ರೀತಿಯನ್ನು ಕನ್ನಡದಲ್ಲಿಯೂ ಸಿಟ್ಟನ್ನು ಮರಾಠಿಯಲ್ಲಿಯೂ ಆಡುತ್ತಿದ್ದರು. ಅವರು ಬಡಿದು ಒಣಗಿಸಿಟ್ಟ ಜೋಳದ ಕಟಕ ರೊಟ್ಟಿಗಳು ಅಡುಗೆಮನೆಯ ಮೂಲೆಯಲ್ಲಿ ಮೊಣಕಾಲಿನ ಎತ್ತರಕ್ಕೆ ಪೇರಿಸಿರುತ್ತಿದ್ದವು. ನಾನು ಮತ್ತು ನನ್ನ ತಮ್ಮ ಅದರಲ್ಲಿ ಒಂದನ್ನು ಕದ್ದು ಮಾಳಿಗೆಯ ಮೇಲಿನಿಂದ ಓಣಿಗೆ ತೇಲಿಬಿಡುತ್ತಿದ್ದೆವು. ಒಳ್ಳೆಯ ರೊಟ್ಟಿ ಎದುರು ಮನೆಯ ಕಟ್ಟೆಯವರೆಗೆ ಹೋಗುತ್ತಿತ್ತು. ದಪ್ಪ ಬಡಿದದ್ದು ನೆಟ್ಟಗೆ ಕೆಳಗೆ ಬೀಳುತ್ತಿತ್ತು. ರೊಟ್ಟಿ ಹಾರಿದ ದಿನ ಮನೆಯಲ್ಲಿ ಮರಾಠಿ ಹೆಚ್ಚಾಗಿ ಕೇಳಿಬರುತ್ತಿತ್ತು. ಅನ್ನವನ್ನು ಎಸೆಯುವುದು ತಪ್ಪೆಂದು ಈಗ ನಾನೂ ಬರೆಯುತ್ತೇನೆ, ಮಾತನಾಡುತ್ತೇನೆ. ಆದರೆ ಗಾಳಿಯಲ್ಲಿ ತಿರುಗುತ್ತ ಹೋಗುವ ರೊಟ್ಟಿಯ ಚಂದವನ್ನು ಇದುವರೆಗೆ ಯಾವ ಸಭೆಯಲ್ಲೂ ಹೇಳಿರಲಿಲ್ಲ.

ಆಮೇಲೆ ನನ್ನನ್ನು ದೂರದ ಒಂದು ವಸತಿಶಾಲೆಗೆ ಹಾಕಿದರು. ಅದು ಪ್ರಗತಿಪರ ಶಾಲೆ. ಅಲ್ಲಿ ಅಂಕಗಳಿರಲಿಲ್ಲ, ಗಂಟೆ ಬಾರಿಸುತ್ತಿರಲಿಲ್ಲ, ಗುರುಗಳನ್ನು ಅಣ್ಣ, ಅಕ್ಕ ಎಂದು ಕರೆಯುತ್ತಿದ್ದೆವು. ಓಟದ ಪಂದ್ಯದ ಕೊನೆಯಲ್ಲಿ ಎಲ್ಲರೂ ಕೈಕೈ ಹಿಡಿದು ಗೆರೆ ದಾಟಬೇಕಿತ್ತು. ಮೊದಲು ಮುಟ್ಟಿದವರು ಹಿಂದೆ ನಿಂತವರಿಗಾಗಿ ಗೆರೆಯ ಈಚೆಗೆ ಕಾಯುತ್ತಿದ್ದರು. ಕಾಯುವುದರಲ್ಲಿಯೂ ಒಂದು ಹೆಚ್ಚುಗಾರಿಕೆ ಇದ್ದುದನ್ನು ನಾವು ಯಾರೂ ಗುರುತಿಸಲಿಲ್ಲ. ಮನುಷ್ಯರನ್ನು ಮಟ್ಟಗಳಾಗಿ ವಿಂಗಡಿಸುವುದು ಹಿಂಸೆ ಎಂಬ ನಂಬಿಕೆಯನ್ನು ಆ ಶಾಲೆಯಿಂದ ತಂದುಕೊಂಡೆ. ಅದು ಇಂದಿಗೂ ನನ್ನ ಬಳಿಯಿದೆ. ನಮ್ಮೂರು ಇಂಡಿಗೆ ಮರಳಿ ಬಂದ ಮೇಲೆ ಅದನ್ನು ಬಳಸುವ ಸಂದರ್ಭಗಳು ದಿನವೂ ಸಿಕ್ಕವು.

ಆಟವನ್ನು ನಮ್ಮ ಕಡೆಗೆ ತಂದವರು ಪರಸಪ್ಪ ಮಾಸ್ತರರು. ಅವರು ಪ್ರೌಢಶಾಲೆಯೊಂದರ ದೈಹಿಕ ಶಿಕ್ಷಕರು. ಯಾವುದೋ ತರಬೇತಿ ಶಿಬಿರದಲ್ಲಿ ಈ ಆಟವನ್ನು ಕಂಡು, ಅಲ್ಲಿಂದ ಐದಾರು ಡಿಸ್ಕುಗಳೊಂದಿಗೆ ಬಂದರು. ಬುಟ್ಟಿಗಳನ್ನು ತಾವೇ ಮಾಡಿಸಿದರು: ವೆಲ್ಡಿಂಗ್ ಅಂಗಡಿಯಲ್ಲಿ ಹಳೆಯ ಸೈಕಲ್ ರಿಮ್ಮು, ಅದಕ್ಕೆ ಜೋತುಬಿಟ್ಟ ಸೈಕಲ್ ಚೈನುಗಳು, ಕೆಳಗೆ ಲಿಂಬೆಹಣ್ಣು ತುಂಬುವ ಬುಟ್ಟಿ. ಡಿಸ್ಕು ತಾಗಿದರೆ ಇಡೀ ಕಂಬ ಝಣ್ಣೆನ್ನುತ್ತದೆ. ಊರವರು ಅದನ್ನು ತಾಟಿನ ಆಟ ಎಂದು ಕರೆದರು, ಮಾಸ್ತರರು ಎರಡು ದಿನ ತಿದ್ದಿ ಮೂರನೆಯ ದಿನ ತಾವೂ ಹಾಗೆಯೇ ಕರೆದರು.

ಅವರ ಗೆಳೆಯರಾದ ಇತರ ಮಾಸ್ತರರ ಮೂಲಕ ಆಟ ಅಕ್ಕಪಕ್ಕದ ತಾಲೂಕುಗಳಿಗೂ ಹಬ್ಬಿತು. ಸಿಂದಗಿಯ ಅಂಗಳ ಎರೆಹೊಲದ ಮಗ್ಗುಲಿನ ಬಯಲು. ಅಡ್ಡಿಯಿಲ್ಲ, ಮರವಿಲ್ಲ, ಎಸೆದದ್ದು ಎಲ್ಲಿ ಬಿದ್ದರೂ ಕಾಣುತ್ತದೆ. ಆಗತಾನೆ ಕಲಿಯುವವರಿಗೆ ಅದಕ್ಕಿಂತ ಕರುಣಾಳುವಾದ ಜಾಗ ಬೇರಿಲ್ಲ. ಮಳೆ ಬಿದ್ದ ದಿನ ಮಾತ್ರ ಒಂದೊಂದು ಚಪ್ಪಲಿಗೂ ಇನ್ನೊಂದು ಚಪ್ಪಲಿಯಷ್ಟು ಮಣ್ಣು ಮೆತ್ತಿಕೊಳ್ಳುತ್ತದೆ. ಮುದ್ದೇಬಿಹಾಳದವರು ಕಲ್ಲುಗುಡ್ಡದ ಮೇಲೆ, ಜಾಲಿಕಂಟಿಗಳ ನಡುವೆ ಬುಟ್ಟಿ ನೆಟ್ಟಿದ್ದಾರೆ. ಅಲ್ಲಿ ಪಳಗಿದವರು ಮಾತ್ರ ಆಡುತ್ತಾರೆ. ಉಳಿದವರು ಡಿಸ್ಕು ಹುಡುಕುತ್ತಾರೆ. ನಾನು ಅಲ್ಲಿ ಒಂದು ಮುಂಜಾನೆಯನ್ನು ಪೂರ್ತಿಯಾಗಿ ಒಂದೇ ಕಂಟಿಯೊಳಗೆ ಕಳೆದಿದ್ದೇನೆ. ಬಸವನ ಬಾಗೇವಾಡಿಯದು ಹುಣಸೆಮರಗಳ ಇಳಿಜಾರು. ಹೊಸಬರಿಗೆ, ರೂಢಿಯಾದವರಿಗೆ, ನುರಿತವರಿಗೆ ಮೂರು ದಾರಿಗಳನ್ನು ಒಂದೇ ಅಂಗಳದಲ್ಲಿ ಅಚ್ಚುಕಟ್ಟಾಗಿ ಹೊಂದಿಸಿದ್ದಾರೆ. ನಮ್ಮ ಇಂಡಿಯ ಅಂಗಳಕ್ಕೆ ಒಂದು ಬದಿ ಲಿಂಬೆತೋಟದ ಬೇಲಿ, ಇನ್ನೊಂದು ಬದಿ ಸಣ್ಣದೊಂದು ಹಳ್ಳ. ಐದನೆಯ ಬುಟ್ಟಿ ಹಳ್ಳದ ಆಚೆಗಿದೆ. ಎಸೆಯುವ ಜಾಗ ಈಚೆಯ ಬೇವಿನ ಮರದ ಬಳಿ.

ಒಂದೊಂದು ಬುಟ್ಟಿಗೂ ಮಾಸ್ತರರು ಮೂರು ಗುರುತುಗಳನ್ನು ಮಾಡಿದ್ದರು, ದೂರದ್ದು, ನಡುವಿನದು, ಹತ್ತಿರದ್ದು. ದೂರದ ಗುರುತಿನ ಫಲಕದಲ್ಲಿ 'ಗಂಡಸರು' ಎಂದೂ ನಡುವಿನದರಲ್ಲಿ 'ಸಾಮಾನ್ಯರು' ಎಂದೂ ಹತ್ತಿರದ್ದರಲ್ಲಿ 'ಹೆಂಗಸರು, ಮಕ್ಕಳು' ಎಂದೂ ಬರೆಸಿದ್ದರು. ನಾನು ಫಲಕ ಓದಿದ ದಿನವೇ ಅವರನ್ನು ಹಿಡಿದೆ.

"ಮಾಸ್ತರ, ಹೆಂಗಸರು ಅನ್ನೂದು ಒಂದು ಮಟ್ಟ ಏನ್ರಿ?"

"ಅನುಕೂಲ ಆಗ್ಲಿ ಅಂತ ಬರಸೀನ್ರೀ ಅಕ್ಕಾರ."

"ಈ ಸಾಮಾನ್ಯರು ಅಂದ್ರ ಯಾರು? ಗಂಡಸರೂ ಅಲ್ಲ, ಹೆಂಗಸರೂ ಅಲ್ಲ."

"ಅದು ನನ್ನಂಥವರ ಸಲುವಾಗಿರಿ. ದೂರದ್ದರಿಂದ ನನಗ ಮುಟ್ಟೂದಿಲ್ಲ."

"ಹಂಗಂತ ಬರೀರಲ್ಲ."

"ಎಲ್ಲಾರೂ ಓದ್ತಾರಲ್ರಿ." ಅವರು ಸೋತವರಂತೆ ಕೇಳಿದರು: "ಹಂಗಾದ್ರ ಏನ್ ಬರೀಲಿ? ಕಲಿಯೋರು, ಬಲ್ಲೋರು ಅಂತ ಬರೀಲ್ಯಾ?"

ಅದೂ ಮೇಲುಕೀಳೇ ಎಂದೆ. ಅಕ್ಷರವೇ ಬೇಡ, ಒಂದೊಂದು ಗುರುತಿಗೂ ಒಂದೊಂದು ಕಲ್ಲು ಇಟ್ಟು ಬಣ್ಣ ಬಳಿಯೋಣ. ಯಾರಿಗೆ ಯಾವ ಬಣ್ಣ ಒಗ್ಗುತ್ತದೋ ಅಲ್ಲಿ ನಿಲ್ಲಲಿ, ಬಣ್ಣಗಳಲ್ಲಿ ಮೇಲುಕೀಳಿಲ್ಲ ಎಂದೆ. ಕೇಸರಿ, ಹಸಿರು, ನೀಲಿ ಈ ಮೂರನ್ನು ಮಾಸ್ತರರು ಮೊದಲೇ ಬೇಡವೆಂದರು. ಒಂದನ್ನು ಹತ್ತಿರ, ಇನ್ನೊಂದನ್ನು ದೂರ ಇಟ್ಟರೆ ಯಾರಾದರೂ ಬಂದು ಕಾರಣ ಕೇಳುತ್ತಾರೆ ಎಂಬುದು ಅವರ ಅನುಭವ. ಕೊನೆಗೆ ದೂರಕ್ಕೆ ಕರಿ, ನಡುವೆ ಬಿಳಿ, ಹತ್ತಿರಕ್ಕೆ ಕೆಂಪು ಎಂದು ನಿರ್ಧಾರವಾಯಿತು; ಉಳಿದ ಮೂರು ಊರಿನವರೂ ಅದನ್ನೇ ಅನುಸರಿಸಿದರು. ಕೆಂಪನ್ನು ಸೂಚಿಸಿದವಳು ನಾನೇ. ಐದನೆಯ ಬುಟ್ಟಿಗಾಗಿ ರಸ್ತೆಯ ಬದಿಯಲ್ಲಿ ಬಿದ್ದಿದ್ದ ಒಂದು ದುಂಡನೆಯ ಕಲ್ಲನ್ನು ಆರಿಸಿ, ಅದನ್ನು ಕೆಂಪಾಗಿ ಬಳಿಸಿ, ಬೇವಿನ ಮರದ ಬುಡದಲ್ಲಿ ಇಡಿಸಿದವಳೂ ನಾನೇ. ಮರದ ಕೆಳಗೆ ಕೆಂಪು ಬಳಿದ ದುಂಡು ಕಲ್ಲು. ಈ ಸೀಮೆಯಲ್ಲಿ ಹುಟ್ಟಿ ಬೆಳೆದ ಯಾವ ಮನುಷ್ಯರೂ ಮಾಡಬಾರದ ಕೆಲಸವದು. ನನಗೆ ಆಗ ಸಮಾನತೆಯ ಹೊರತು ಬೇರೇನೂ ತೋಚಲಿಲ್ಲ.

ಮಲ್ಲವ್ವ ಈ ಆಟಕ್ಕೆ ಬಂದದ್ದು ನನ್ನ ಒಂದು ಅರ್ಜಿಯ ದೆಸೆಯಿಂದ. ಅವರು ಇಂಡಿಯ ಪೇಟೆಯಲ್ಲಿ ಲಿಂಬೆಕಾಯಿ ವಿಂಗಡಿಸುವ ಕೆಲಸದವರು; ಐವತ್ತು ದಾಟಿದವರು. ಗೋಣಿಯ ಮೇಲೆ ಕುಳಿತು, ಮುಂದಿನ ರಾಶಿಯಿಂದ ಕಾಯಿ ಎತ್ತಿ, ಕಣ್ಣು ಬೇರೆಲ್ಲೋ ಇರುವಾಗಲೇ ಬೆರಳಿನಿಂದ ಗಾತ್ರ ಅಳೆದು, ಮಣಿಕಟ್ಟಿನ ಒಂದು ತಿರುವಿನಿಂದ ಅದನ್ನು ದೊಡ್ಡಕಾಯಿ, ನಡುಕಾಯಿ, ಸಣ್ಣಕಾಯಿ ಎಂಬ ಮೂರು ಗುಡ್ಡೆಗಳಲ್ಲಿ ಒಂದಕ್ಕೆ ಎಸೆಯುವುದು. ಅಲ್ಲಿನ ಹೆಣ್ಣುಮಕ್ಕಳಿಗೆ ನೆರಳಿಲ್ಲ, ಶೌಚಾಲಯವಿಲ್ಲ ಎಂಬ ಅರ್ಜಿಗೆ ಹೆಬ್ಬೆಟ್ಟು, ಸಹಿ ಸಂಗ್ರಹಿಸಲು ಹೋದಾಗ ಮಲ್ಲವ್ವ ತಲೆ ಎತ್ತದೆಯೇ ಹೇಳಿದರು: "ನೆರಳಿನ ಅರ್ಜಿ ಬರೀರಿ, ಬ್ಯಾಡ ಅನ್ನೂದಿಲ್ಲ. ಆದ್ರ ಅಲ್ಲೇ ನಿಂತು ನನ್ನ ಬೆಳಕಿಗೆ ಅಡ್ಡ ಆಗಬ್ಯಾಡ್ರಿ."

ನಾನು ಸರಿದು ನಿಂತೆ. ಹೀಗೆ ಪರಿಚಯವಾಯಿತು.

ಆಟದ ಅಂಗಳ ಹೆಂಗಸರಿಗೆ ಸಿಗುತ್ತಿದ್ದುದು ಬೆಳಗ್ಗೆ ಒಂದು ತಾಸು ಮಾತ್ರ, ಕ್ರಿಕೆಟ್ಟಿನವರು ಎದ್ದು ಬರುವವರೆಗೆ. ಅದೂ ಒಂದು ಅನ್ಯಾಯ. ಅದರ ಬಗ್ಗೆಯೂ ಬರೆದಿದ್ದೇನೆ. ಆ ಒಂದು ತಾಸಿಗೆ ನಾನು ಪೇಟೆಯ ನಾಲ್ವರು ಹೆಂಗಸರನ್ನು ಒಲಿಸಿ ಕರೆತಂದೆ. ಮಲ್ಲವ್ವ ಡಿಸ್ಕನ್ನು ಕೈಯಲ್ಲಿ ತೂಗಿ ನೋಡಿ, ಅಂಚನ್ನು ಬೆರಳಿನಿಂದ ಒಂದು ಸುತ್ತು ಸವರಿ, ಸುಮ್ಮನೆ ಮಣಿಕಟ್ಟು ತಿರುಗಿಸಿದರು. ಅದು ನೆಲಕ್ಕೆ ಸಮವಾಗಿ ಹೋಗಿ ಚೈನಿಗೆ ಬಡಿಯಿತು. ಮಾಸ್ತರರು ಬಾಯಲ್ಲಿದ್ದ ಸೀಟಿಯನ್ನು ಊದದೆ ಹೊರತೆಗೆದರು.

"ಎಲ್ಲಿ ಕಲ್ತಿ ಯವ್ವಾ ಇದನ್ನ?"

"ಕಲಿಯೂದೇನ್ರೀ ಇದರಾಗ. ದಿನಾ ಇದನ್ನ ಮಾಡಾಕತ್ತೇನಿ. ಲಿಂಬಿಕಾಯಿ ದುಂಡಗಿರ್ತೈತಿ, ಇದು ಚಪ್ಪಟಿ ಐತಿ, ಅಷ್ಟ."

ಹತ್ತಿರದ ಬುಟ್ಟಿಗಳಲ್ಲಿ ಅವರ ಕೈ ತಪ್ಪುತ್ತಿರಲಿಲ್ಲ. ದೂರಕ್ಕೆ ಮಾತ್ರ ಶಕ್ತಿ ಸಾಲದು. ಐದನೆಯ ಬುಟ್ಟಿಯ ಹಳ್ಳವನ್ನು ಕೆಂಪು ಕಲ್ಲಿನಿಂದ ಹೇಗೋ ದಾಟಿಸುತ್ತಿದ್ದರು. ಚಳಿಗಾಲದ ಒಂದು ಭಾನುವಾರ ನಾಲ್ಕೂ ಊರಿನವರು ಬಸವನ ಬಾಗೇವಾಡಿಯಲ್ಲಿ ಕೂಡಿ ಆಡುವುದೆಂದು ಮಾಸ್ತರರು ಗೊತ್ತುಮಾಡಿಕೊಂಡು ಬಂದಾಗ ಮಲ್ಲವ್ವ ಕೇಳಿದ್ದು ಒಂದೇ ಮಾತು.

"ಅಲ್ಲಿ ಹೆಸರು ಬರೀತಾರೇನ್ರಿ?"

"ಬರೀಲಾರದ ಹೆಂಗ? ಬರೀತಾರ."

"ಹೆಂಗ ಬರೀತಾರ? ಯಾರ ಹೇಣ್ತಿ, ಯಾರ ಅವ್ವ ಅಂತೇನು?"

"ಹಂಗೇನಿಲ್ಲವಾ. ಹೆಸರು, ಊರು. ಮಲ್ಲವ್ವ, ಇಂಡಿ. ಅಷ್ಟ."

ಮಲ್ಲವ್ವ ಅದನ್ನು ಒಂದು ಸಲ ತುಟಿಯಲ್ಲೇ ಹೇಳಿಕೊಂಡರು. ಅವರಿಗೆ ಅಂಕಿ ಗೊತ್ತು, ಅಕ್ಷರ ಗೊತ್ತಿಲ್ಲ. ಶಾಲೆಗೆ ಕಳುಹಿಸಬೇಕಾದ ವಯಸ್ಸಿನಲ್ಲಿ ರಾಶಿಯ ಮುಂದೆ ಕೂರಿಸಿದ್ದರು. ಊರು ಬಿಟ್ಟು ಹೋದದ್ದೆಲ್ಲ ಯಾರದೋ ಮದುವೆಗೆ, ಯಾರನ್ನೋ ಮಣ್ಣು ಮಾಡುವುದಕ್ಕೆ, ಯಾರದೋ ಸಂಬಂಧಿಯಾಗಿ. ಇಂಡಿಯವಳೆಂದು, ತನ್ನದೇ ಹೆಸರಿನಲ್ಲಿ ಎಲ್ಲಿಗೂ ಹೋಗಿದ್ದಿಲ್ಲ. "ಹಂಗಾದ್ರ ನಾ ಬರ್ತೇನಿ" ಎಂದರು. ಆ ದಿನದಿಂದ ಅವರು ಬರುವ ಹೊತ್ತು ಕಾಲು ತಾಸು ಮುಂಚೆಯಾಯಿತು.

ಆ ಕೂಟಕ್ಕೆ ಒಂದು ನಿಯಮವಿತ್ತು. ಯಾವ ಊರಿನ ಅಂಗಳದಲ್ಲಿ ಒಂದು ಮಟ್ಟದ ಒಂಬತ್ತೂ ಗುರುತುಗಳು ಪೂರ್ತಿಯಾಗಿರುವವೋ ಆ ಊರಿನವರು ಮಾತ್ರ ಆ ಮಟ್ಟಕ್ಕೆ ಹೆಸರು ಕಳುಹಿಸಬಹುದು. ಒಂದು ಕಡೆ ಅರ್ಧಂಬರ್ಧ ಕಲಿತು ಇನ್ನೊಂದು ಕಡೆ ಬಂದು ಗೊಂದಲ ಮಾಡಬಾರದೆಂಬ ಉದ್ದೇಶ. ನಮ್ಮಲ್ಲಿ ಮೂರು ಮಟ್ಟಗಳೂ ಪೂರ್ತಿಯಾಗಿದ್ದವು. ಒಂದು ಮಂಗಳವಾರ ಬೆಳಗ್ಗೆ ಐದನೆಯ ಬುಟ್ಟಿಯ ಕೆಂಪು ಕಲ್ಲಿಗೆ ಅರಿಸಿನ ಹತ್ತಿತ್ತು.

ಪಕ್ಕದಲ್ಲಿ ಎರಡು ಹೋಳು ಲಿಂಬೆಹಣ್ಣು, ಒಂದು ಉದಬತ್ತಿ. ಅಂಗಳದ ಅಂಚಿನಲ್ಲಿ ಚಹಾದ ಗಾಡಿ ಇಟ್ಟಿರುವ ಗುರುಪಾದಪ್ಪನವರು ಕೈ ಕಟ್ಟಿ ನಿಂತಿದ್ದರು. ಅವರಿಗೂ ನನಗೂ ಹಳೆಯ ವ್ಯವಹಾರವಿತ್ತು. ಅವರು ಕೆಲವರಿಗೆ ಗಾಜಿನ ಲೋಟದಲ್ಲಿಯೂ ಕೆಲವರಿಗೆ ಬೇರೆ ಲೋಟದಲ್ಲಿಯೂ ಚಹಾ ಕೊಡುತ್ತಿದ್ದುದನ್ನು ನಾನು ನಾಲ್ಕು ಜನರ ಮುಂದೆ ಎತ್ತಿ ಆಡಿದ್ದೆ. ಮರುದಿನದಿಂದ ಎಲ್ಲರಿಗೂ ಕಾಗದದ ಕಪ್ಪು ಬಂತು. ಸಮಾನತೆ ಬಂತು, ಅದರೊಂದಿಗೆ ಕಸವೂ ಬಂತು. ಕಸದ ಬಗ್ಗೆಯೂ ಹೇಳಿದ ಮೇಲೆ ನನ್ನ ಚಹಾಕ್ಕೆ ಸಕ್ಕರೆ ಕಡಿಮೆಯಾಯಿತು.

"ಗುರುಪಾದಪ್ಪ, ಇದೇನ್ರಿ?"

"ನಾ ಇಟ್ಟಿಲ್ರೀ ಅಕ್ಕಾರ. ಯಾರೋ ಅರಿಸಿನ ಹಚ್ಚಿದ್ರು. ನಾ ಉದಬತ್ತಿ ಅಷ್ಟ ಹಚ್ಚೀನಿ."

"ಇದು ರಸ್ತಾದ ಬಾಜೂಕ ಬಿದ್ದ ಕಲ್ಲು. ಇದಕ್ಕ ಬಣ್ಣ ಹಚ್ಚಿಸಿದಾಕಿ ನಾನ."

"ಇರಬಹುದ್ರಿ" ಎಂದರು ಗುರುಪಾದಪ್ಪ, ಬಹಳ ಮರ್ಯಾದೆಯಿಂದ. "ಆ ತಾಯಿ ಯಾರ ಕೈಲೆ ಏನ್ ಮಾಡಸ್ತಾಳ ಅಂತ ನಾವು ನೀವು ಹೇಳಾಕ ಬರ್ತೈತೇನ್ರಿ? ದೇವರು ಇಲ್ಲ ಅನ್ನೋರ ಕೈಲೇನ ಹಚ್ಚಿಸ್ಯಾಳ ನೋಡ್ರಿ."



ಒಂದೇ ವಾರದಲ್ಲಿ ಕಲ್ಲಿನ ಸುತ್ತ ಇಟ್ಟಿಗೆಯ ಕಟ್ಟೆ ಎದ್ದಿತು. ಬೇವಿನ ಟೊಂಗೆಗೆ ಗಂಟೆ ಬಂತು. ಚಪ್ಪಲಿ ಬಿಟ್ಟು ಬನ್ನಿ ಎಂಬ ಬರಹ ಬಂತು. ಹೆಂಗಸರು ಚಪ್ಪಲಿ ಬಿಟ್ಟು, ಕಟ್ಟೆಯ ಮಗ್ಗುಲಲ್ಲಿ ನಿಂತು ಎಸೆಯತೊಡಗಿದರು. ನಾನು ಅದನ್ನು ವಿರೋಧಿಸಿ ಚಪ್ಪಲಿ ಹಾಕಿಕೊಂಡೇ ಎಸೆಯುತ್ತಿದ್ದೆ, ನನ್ನ ಡಿಸ್ಕು ಯಥಾಪ್ರಕಾರ ಹಳ್ಳಕ್ಕೆ ಬೀಳುತ್ತಿತ್ತು. ಅದಕ್ಕೆ ಗುರುಪಾದಪ್ಪ ಮೇಲೆ ನೋಡುತ್ತಿದ್ದರು ಅಷ್ಟೆ. ಆಮೇಲೆ ಮುಟ್ಟಾದವರು ಮರದ ಹತ್ತಿರ ಬರಬಾರದೆಂಬ ಮಾತು ಹುಟ್ಟಿತು. ಯಾರು ಹುಟ್ಟಿಸಿದರೆಂದು ಕೇಳಿದರೆ ಎಲ್ಲರೂ ಇನ್ನೊಬ್ಬರನ್ನು ತೋರಿಸಿದರು. ನಾಲ್ವರಲ್ಲಿ ಕಿರಿಯಳಾದವಳು ನಾಲ್ಕು ದಿನ ಬರಲಿಲ್ಲ. ಬಂದ ಮೇಲೂ ಐದನೆಯ ಬುಟ್ಟಿಯನ್ನು ಬಿಟ್ಟು ಆಡಿದಳು. ಕೊನೆಗೆ, ದೇವರ ತಲೆಯ ಮೇಲಿಂದ ತಾಟು ಹಾರಿಸುವುದು ಸರಿಯಲ್ಲ, ಯಾರೂ ಇಲ್ಲಿಂದ ಎಸೆಯಬಾರದು ಎಂದು ನಿರ್ಣಯವಾಯಿತು. ನಾನು ಪುರಸಭೆಗೆ ಎರಡು ಪತ್ರ, ತಹಶೀಲ್ದಾರರಿಗೆ ಒಂದು ಪತ್ರ ಬರೆದೆ. ಸಾರ್ವಜನಿಕ ಭೂಮಿಯ ಅತಿಕ್ರಮಣ, ಮೂಢನಂಬಿಕೆ, ಲಿಂಗ ತಾರತಮ್ಯ ಎಂದು ಮೂರು ಶೀರ್ಷಿಕೆಗಳಲ್ಲಿ. ಉತ್ತರ ಬರಲಿಲ್ಲ.

ಮಾಸ್ತರರು ನಮ್ಮನ್ನು ಲಿಂಬೆತೋಟದ ಬೇಲಿಯ ಬಳಿ ಕೂರಿಸಿಕೊಂಡು ಸುದ್ದಿ ಹೇಳಿದರು.

"ಕರಿ, ಬಿಳಿ ಗುರುತು ಗಿಡದಿಂದ ಬಾಜೂಕ ಅದಾವ, ಅವಕ್ಕೇನಾಗಿಲ್ಲ. ಕೆಂಪಿನ್ಯಾಗ ಈಗ ಎಂಟ ಗುರುತು ಉಳದಾವ. ಒಂಬತ್ತಿಲ್ಲ. ಎಂಟಕ್ಕ ಹೆಸರು ಕಳಸಾಕ ಬರೂದಿಲ್ರಿ."

"ಹಂಗಾದ್ರ ಕಲ್ಲು ತಗಸ್ರಿ" ಎಂದೆ.

"ನಾ ಮುಟ್ಟೂದಿಲ್ರೀ ಅಕ್ಕಾರ."

"ನೀವು ಸಾಲಿ ಮಾಸ್ತರು. ಮಕ್ಕಳಿಗೆ ವಿಜ್ಞಾನ ಹೇಳೋರು."

"ವಿಜ್ಞಾನಕ್ಕ ಬ್ಯಾರೆಯವರು ಅದಾರ್ರಿ. ನಂದು ದೈಹಿಕ ಶಿಕ್ಷಣ."

ಧರಣಿ ಕೂಡೋಣ ಎಂದು ನಾನು ಸೂಚಿಸಿದೆ. ಫಲಕಗಳಲ್ಲಿ ಏನು ಬರೆಯಬೇಕೆಂಬುದೂ ಸಿದ್ಧವಿತ್ತು. ಮಲ್ಲವ್ವ ಅಲ್ಲಿಯವರೆಗೆ ಬೇಲಿಯ ಮೇಲಿನ ಒಂದು ಕಾಯಿಯ ಗಾತ್ರವನ್ನು ಬೆರಳಿನಿಂದ ಅಳೆಯುತ್ತಿದ್ದರು.

"ಧರಣಿ ಎಷ್ಟ ದಿನ ಆಗ್ತೈತ್ರಿ?"

"ನ್ಯಾಯ ಸಿಗೂತನ."

"ಆಟ ಯಾವಾಗ ಐತ್ರಿ ಮಾಸ್ತರ?"

"ಇನ್ನ ಐದ ವಾರ ಐತಿ."

"ಅಷ್ಟ್ರಾಗ ಬರ್ತೈತೇನ್ರೀ ನ್ಯಾಯ?"

ನಾನು ಪ್ರಾಮಾಣಿಕವಾಗಿ ಲೆಕ್ಕ ಹಾಕಿದೆ. ಪೇಟೆಯ ನೆರಳಿನ ಅರ್ಜಿ ಕೊಟ್ಟು ಎರಡು ಬೇಸಿಗೆಗಳಾಗಿದ್ದವು. "ಬರೂದಿಲ್ಲ" ಎಂದೆ.

ಮರುದಿನ ಮಲ್ಲವ್ವ ಕಂಕುಳಲ್ಲಿ ಒಂದು ಗೋಣಿಚೀಲ ಮಡಚಿಟ್ಟುಕೊಂಡು ಬಂದರು. ಬೇವಿನ ಮರಕ್ಕೂ ಕಟ್ಟೆಗೂ ಸಂಬಂಧವಿಲ್ಲದಂತೆ, ಒಂದಿಷ್ಟು ಪಕ್ಕಕ್ಕೆ ಸರಿದು, ಹನ್ನೆರಡು ಹೆಜ್ಜೆ ಹಿಂದಕ್ಕೆ ಅದನ್ನು ಹಾಸಿ, ನಾಲ್ಕು ಮೂಲೆಗೂ ಮುಷ್ಟಿಯಷ್ಟು ಮಣ್ಣು ಇಟ್ಟರು.

"ಇದ ನಮ್ಮ ಕೆಂಪ ಕಲ್ಲು. ಮಾಸ್ತರ, ನಡೀತೈತೋ ಇಲ್ಲೋ ಹೇಳ್ರಿ."

"ಇನ್ನೊಂದು ಕಲ್ಲ ಇಡೋಣಲ್ಲ" ಎಂದೆ ನಾನು.

"ಕಲ್ಲ ಇಟ್ರ ನೀವು ಬಣ್ಣ ಹಚ್ತೀರಿ, ಅವರು ಅರಿಸಿನ ಹಚ್ತಾರ. ಗೋಣಿಗೆ ಯಾರೂ ಏನೂ ಹಚ್ಚೂದಿಲ್ಲ. ಆಟ ಮುಗದಮ್ಯಾಲ ಮನೀಗಿ ಒಯ್ತೇನಿ."

ಮಾಸ್ತರರು ಫೋನಿನಲ್ಲಿ ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಯ ಗೆಳೆಯರನ್ನು ವಿಚಾರಿಸಿದರು. ಗುರುತು ಯಾವುದರದ್ದಾದರೂ ಸರಿ, ಇದ್ದರಾಯಿತು, ಹಿಂದಕ್ಕೆ ಹೋದರೆ ನಿಮಗೇ ತ್ರಾಸು ಎಂದು ಅವರು ಒಪ್ಪಿದರು. ನಾನೊಬ್ಬಳು ಒಪ್ಪಲಿಲ್ಲ. ಅತಿಕ್ರಮಿಸಿದವರು ಇದ್ದಲ್ಲೇ ಇರುವುದು, ಅತಿಕ್ರಮಣಕ್ಕೆ ಒಳಗಾದವರು ಹನ್ನೆರಡು ಹೆಜ್ಜೆ ಹಿಂದೆ ಸರಿಯುವುದು, ಇದು ಯಾವ ಬಗೆಯ ಪರಿಹಾರ? ಹಳ್ಳ ದಾಟಿಸಲು ಮೊದಲೇ ಕಷ್ಟಪಡುವ ಹೆಂಗಸರಿಗೆ ಇದು ಶಿಕ್ಷೆಯಲ್ಲವೇ? ಈ ಪ್ರಶ್ನೆಗಳು ಇಂದಿಗೂ ಸರಿಯಾದ ಪ್ರಶ್ನೆಗಳೇ. ಕಿರಿಯಳು ಮಾತ್ರ ಮರುವಾರದಿಂದ ಎಲ್ಲ ದಿನಗಳಲ್ಲೂ ಬಂದಳು, ಗೋಣಿ ಅವಳನ್ನು ಏನೂ ಕೇಳಲಿಲ್ಲ.

ಮೊದಲ ವಾರ ಎಲ್ಲರ ಡಿಸ್ಕುಗಳೂ ಹಳ್ಳಕ್ಕೆ ಬಿದ್ದವು. ಸೀರೆ ಎತ್ತಿ ಕಟ್ಟಿ ಇಳಿದು ಹೆಕ್ಕಿ ತರುವುದು, ಮತ್ತೆ ಎಸೆಯುವುದು. ಮಲ್ಲವ್ವ ಅಲ್ಲಿಗೆ ನಿಲ್ಲಲಿಲ್ಲ; ಗೋಣಿಯನ್ನು ಉಳಿದ ಎಂಟು ಬುಟ್ಟಿಗಳಿಗೂ ಒಯ್ದು, ಅಲ್ಲಿಯ ಕೆಂಪು ಕಲ್ಲುಗಳನ್ನು ಬಿಟ್ಟು, ಅಷ್ಟೇ ಹಿಂದಕ್ಕೆ ಹಾಸಿಕೊಂಡರು. ನನಗೆ ಸಿಟ್ಟು ಬಂತು.

"ಅಲ್ಲಿ ಯಾರೂ ಪೂಜಿ ಮಾಡಿಲ್ಲಲ್ಲ ಮಲ್ಲವ್ವ. ನಿಮ್ಮ ಹಕ್ಕಿನ ಜಾಗ ನೀವ ಯಾಕ ಬಿಡ್ತೀರಿ?"

"ಹಕ್ಕಿನ ಮಾತಲ್ರಿ. ಒಂದ ಕಡೆ ಮುಂದ, ಒಂದ ಕಡೆ ಹಿಂದ ಅಂದ್ರ ಕೈ ಕೆಡ್ತೈತಿ. ಕೈಗೆ ಒಂದ ಅಳತಿ ಇರಬೇಕು."

ಮೂರನೆಯ ವಾರ ಅವರ ಒಂದು ಎಸೆತ ಹಳ್ಳ ದಾಟಿತು. ಐದನೆಯ ವಾರದ ಹೊತ್ತಿಗೆ ದಾಟದಿದ್ದುದೇ ಅಪರೂಪ.

ಬಾಗೇವಾಡಿಗೆ ನಾವು ಆರು ಜನ ಬಸ್ಸಿನಲ್ಲಿ ಹೋದೆವು. ಹುಣಸೆಮರಗಳ ಕೆಳಗೆ ಮೇಜು ಹಾಕಿ ಹೆಸರು ಬರೆದುಕೊಳ್ಳುತ್ತಿದ್ದರು. ಕೆಂಪು ಮಟ್ಟಕ್ಕೆ ಪೇಟೆಯ ನಾಲ್ವರ ಹೆಸರು ಬಂತು. ಬಹುಮಾನಗಳನ್ನು ಪಕ್ಕದಲ್ಲೇ ಜೋಡಿಸಿದ್ದರು: ಕರಿಗೆ, ಬಿಳಿಗೆ ಎತ್ತರದ ಟ್ರೋಫಿಗಳು; ಕೆಂಪಿಗೆ ಸ್ಟೀಲಿನ ಡಬ್ಬಿಗಳ ಜೋಡಿ. ನಾನು ಅದನ್ನು ಗಮನಿಸಿ, ಮುಕ್ತಾಯದ ಹೊತ್ತಿಗೆ ಆಡಬೇಕಾದ ಮಾತುಗಳನ್ನು ಮನಸ್ಸಿನಲ್ಲಿಯೇ ಬರೆಯತೊಡಗಿದೆ. ಮಲ್ಲವ್ವ ಗೆದ್ದು ನಿಂತಾಗ, ಅವರ ಕೈಗೆ ಆ ಡಬ್ಬಿ ಕೊಡುವಾಗ, ನಾನು ಎದ್ದು ನಿಂತು ಆಡುವ ಮಾತುಗಳು.

ಮೊದಲ ಬುಟ್ಟಿಯಲ್ಲಿ ಮಲ್ಲವ್ವನ ಡಿಸ್ಕು ಬುಟ್ಟಿಯ ಮೇಲೆ ಮಾರುದ್ದ ಹಾರಿ ಆಚೆಯ ಹುಣಸೆಮರಕ್ಕೆ ಬಡಿಯಿತು. ಅವರು ನಿಂತಲ್ಲಿಂದಲೇ ಕೆಂಪು ಗುರುತನ್ನೂ ಬುಟ್ಟಿಯನ್ನೂ ಎರಡೆರಡು ಸಲ ನೋಡಿದರು. ಎರಡನೆಯ ಬುಟ್ಟಿಯಲ್ಲಿ ಕೈ ಸಡಿಲಿಸಿ ಎಸೆದರು. ಒಂದೇ ಎಸೆತಕ್ಕೆ ಒಳಗೆ ಬಿತ್ತು. ನೋಡುತ್ತಿದ್ದವರು ಚಪ್ಪಾಳೆ ತಟ್ಟಿದರು. ಮಲ್ಲವ್ವ ಡಿಸ್ಕು ಎತ್ತಿಕೊಂಡು, ಮೂರನೆಯ ಬುಟ್ಟಿಗೆ ಹೋಗದೆ, ನೇರ ಮೇಜಿನ ಕಡೆಗೆ ನಡೆದರು. ನಾನೂ ಮಾಸ್ತರರೂ ಹಿಂದೆಯೇ ಓಡಿದೆವು.

"ನನ್ನ ಹೆಸರು ಆ ಬಿಳೀದರಾಗ ಬರೀರಿ" ಎಂದು ಮೇಜಿನ ಮುಂದೆ ನಿಂತು ಹೇಳುತ್ತಿದ್ದರು.

ಬರೆಯುವವರು ಪೆನ್ನು ಎತ್ತಿ ಹಿಡಿದರು. "ಬಿಳಿಯೊಳಗ ಎಲ್ಲಾ ಗಂಡಸರ ಅದಾರವಾ."

"ಇರ್ಲಿ ಬಿಡ್ರಿ, ನನಗ ಅವರ ಜೋಡಿ ಏನ್ ಕೆಲಸ? ಬುಟ್ಟಿ ಜೋಡಿ ಕೆಲಸ ಐತಿ."

"ಅಲ್ಲಿ ಮತ್ತ ಮೊದಲಿಂದ ಶುರು ಮಾಡಬೇಕಾಗ್ತೈತಿ."

"ಮಾಡ್ತೇನಿ."

ನಾನು ಅವರನ್ನು ಪಕ್ಕಕ್ಕೆ ಕರೆದೆ. "ಮಲ್ಲವ್ವ, ಕೆಂಪಿನ್ಯಾಗ ಇದ್ರ ಮೊದಲ ನಂಬರ ಬರ್ತೀರಿ. ಅಲ್ಲಿ ಹೋದ್ರ ಯಾವ ನಂಬರೂ ಬರೂದಿಲ್ಲ."

"ಗೊತ್ತೈತ್ರಿ. ಅದಕ್ಕ ಹೊಂಟೇನಿ." ಅವರು ಕೈಯಲ್ಲಿದ್ದ ಡಿಸ್ಕನ್ನು ಲಿಂಬೆಕಾಯಿಯಂತೆ ತೂಗಿದರು. "ಸಣ್ಣಕಾಯಿ ಗುಡ್ಡಿಯೊಳಗ ನಡುಕಾಯಿ ಬಿದ್ರ ನಾ ಅದನ್ನ ಬಿಡೂದಿಲ್ಲ. ತಗದು ಆ ಕಡೆ ಒಗೀತೇನಿ. ಇಲ್ಲಿ ನಾನ ಬಿದ್ದೇನಿ, ಹಂಗ ಹ್ಯಾಂಗ ಕೂಡಲಿ?"

ಮಾಸ್ತರರು ನನ್ನ ಮುಖ ನೋಡಿದರು. ಮನುಷ್ಯರನ್ನು ವಿಂಗಡಿಸಬಾರದೆಂದು ಇಷ್ಟು ವರ್ಷ ಹೇಳುತ್ತ ಬಂದಿದ್ದೇನೆ; ವಿಂಗಡಿಸುವವರ ವಿರುದ್ಧ ನನ್ನ ಬಳಿ ವಾದಗಳಿದ್ದವು. ಯಾರ ಅಪ್ಪಣೆಯನ್ನೂ ಕೇಳದೆ ತನ್ನನ್ನು ತಾನೇ ಎತ್ತಿ ಬೇರೆ ಗುಡ್ಡೆಗೆ ಹಾಕಿಕೊಳ್ಳುವ ಹೆಂಗಸಿನ ವಿರುದ್ಧ ಯಾವ ವಾದವೂ ಇರಲಿಲ್ಲ. ಪರವಾಗಿಯೂ ಇರಲಿಲ್ಲ. ಸುಮ್ಮನೆ ಅವರ ನೀರಿನ ಬಾಟಲಿ ಹಿಡಿದುಕೊಂಡು ಬಿಳಿ ಗುರುತಿನವರೆಗೆ ಹಿಂದೆ ನಡೆದೆ.

ಊರಿಗೆ ಮರಳಿದ ಮೇಲೆ ಇದಕ್ಕೆ ಎರಡು ವಿವರಣೆಗಳು ಹುಟ್ಟಿದವು. ನಾನು ಇದನ್ನು ಸಂಘಟನೆಯ ಫಲವೆಂದೆ. ಗುರುಪಾದಪ್ಪ, ತಾಯಿ ಹನ್ನೆರಡು ಹೆಜ್ಜೆ ಹಿಂದೆ ಸರಿಸಿ ಕೈ ಕಲಿಸಿದಳು ಎಂದರು. ಮಲ್ಲವ್ವ ವಿವರಿಸಲು ಹೋಗಲಿಲ್ಲ. ಆ ವಾರ ಪೇಟೆಗೆ ಕಾಯಿ ಬಹಳ ಬಂದಿತ್ತು. ಕಟ್ಟೆ ಇಂದಿಗೂ ಇದೆ, ನನ್ನ ಪತ್ರಗಳೂ ನಿಂತಿಲ್ಲ.

ಆದರೆ ಹೇಳಬೇಕಾದದ್ದು ಆ ಭಾನುವಾರದ ಸಂಜೆಯ ಮಾತು. ಆಟ ಮುಗಿದು, ಹುಣಸೆಮರದ ಬೊಡ್ಡೆಗೆ ಮೂರು ಹಾಳೆಗಳನ್ನು ಅಂಟಿಸಿದರು. ಬಿಳಿ ಮಟ್ಟದ ಹಾಳೆಯ ತಲೆಯ ಮೇಲೆ 'ಪುರುಷರು' ಎಂದು ಮೊದಲೇ ಅಚ್ಚಾಗಿತ್ತು. ಅದರ ಕೆಳಗೆ ಹನ್ನೊಂದು ಹೆಸರುಗಳು. ನಾನು ಚೀಲದಿಂದ ಪೆನ್ನು ತೆಗೆದೆ. ಆ ಪದವನ್ನು ಹೊಡೆದುಹಾಕಿ, ಮೇಜಿನವರಿಂದ ಅಲ್ಲಿಯೇ ಸಹಿ ಮಾಡಿಸುವುದೆಂದು ನಿಶ್ಚಯಿಸಿದ್ದೆ. ಮಲ್ಲವ್ವ ನನ್ನ ಮೊಣಕೈ ಹಿಡಿದರು.

"ಬರಿಯೂದು ಆಮ್ಯಾಲ ಬರೀರಿ. ನಾ ಎಲ್ಲಿ ಅದೇನಿ, ತೋರಸ್ರಿ."

ತೋರಿಸಿದೆ. ಅವರು ಆ ಸಾಲಿನ ಕೆಳಗೆ ಬೆರಳಿಟ್ಟರು.

"ಏನ್ ಬರದಾರ, ಓದ್ರಿ."

"ಮಲ್ಲವ್ವ, ಇಂಡಿ. ಆರನೇ ನಂಬರ."

ಮಲ್ಲವ್ವನ ಬೆರಳು ಹೆಸರಿನಿಂದ ಊರಿನವರೆಗೆ ನಿಧಾನವಾಗಿ ಸರಿದು ಅಲ್ಲಿಯೇ ನಿಂತಿತು.

"ಇನ್ನೊಮ್ಮೆ ಓದ್ರಿ."

ಓದಿದೆ. ಸುತ್ತಲಿನವರು ತಮ್ಮ ತಮ್ಮ ಹೆಸರು ನೋಡಿಕೊಂಡು ಬಸ್ಸಿಗೆ ಅವಸರ ಮಾಡುತ್ತಿದ್ದರು; ಮಾಸ್ತರರು ದೂರದಿಂದ ನಮ್ಮನ್ನು ಕೂಗುತ್ತಿದ್ದರು. ಮಲ್ಲವ್ವ ಮೂರನೆಯ ಸಲ ಕೇಳಲಿಲ್ಲ. ಕೇಳದಿದ್ದರೂ ನಾನು ಮತ್ತೊಮ್ಮೆ ಓದಿದೆ, ಸ್ವಲ್ಪ ಗಟ್ಟಿಯಾಗಿ.